ನೋಯಿಸದ ಹಿಡಿತ

ಕಮ್ಮಾರನ ಕುಲುಮೆಯಲ್ಲಿ ಉದ್ದ ಹಿಡಿಯ ಇಕ್ಕುಳವಿರುತ್ತದೆ. ಕೆಂಪಗೆ ಕಾದ ಕಬ್ಬಿಣವನ್ನು ಹಿಡಿಯುವವನ ಕೈ ಬೆಂಕಿಯಿಂದ ದೂರವಿರಬೇಕು; ಅದಕ್ಕಾಗಿ ಆ ಉದ್ದ. ಅಕ್ಕಸಾಲಿಗನ ಚಿಮಟ ಚಿಕ್ಕದು. ಸಾಸಿವೆಯಷ್ಟು ಹೊನ್ನಿನ ಗುಂಡನ್ನೆತ್ತಿ ಅದರ ನೆಲೆಯಲ್ಲಿ ಕೂರಿಸುವುದು ಅದರ ಕೆಲಸ. ಕಾಲಿಗೆ ನೆಟ್ಟ ಮುಳ್ಳನ್ನು ಕೀಳುವ ಚಿಮಟದ ಮೊನೆ ಚೂಪಾಗಿರುತ್ತದೆ. ಹೀಗೆ, ಹಿಡಿಯುವ ಸಾಧನದ ರೂಪವನ್ನು ಅದು ಹಿಡಿಯಬೇಕಾದ ವಸ್ತುವೇ ನಿರ್ಧರಿಸುತ್ತದೆ. ಆದರೆ ಮನುಷ್ಯನ ಕಣ್ಣಿನೊಳಗೆ ಕೃತಕ ಮಸೂರವನ್ನು ಇರಿಸಲು ಶಸ್ತ್ರವೈದ್ಯರು ಬಳಸುವ ಚಿಮಟದ ಸಂಗತಿ ಬೇರೆ. ಅದು ಹಿಡಿಯುವ ವಸ್ತುವಿಗಿಂತ ಹೆಚ್ಚಾಗಿ, ಅದು ತಾಕಬಾರದ ವಸ್ತುಗಳೇ ಅದರ ರೂಪವನ್ನು ನಿರ್ಧರಿಸುತ್ತವೆ.

ಆ ವಸ್ತುಗಳು ಯಾವುವು? ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿದ ಪಾರದರ್ಶಕ ಪಟಲವಿದೆ. ಇದಕ್ಕೆ ಕಾರ್ನಿಯಾ ಎಂದು ಹೆಸರು. ಇದರ ಅಗಲ ಸುಮಾರು ೧೨ ಮಿಲಿಮೀಟರ್. ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಇದರ ಒಳಮೈಗೆ ಜೀವಕೋಶಗಳ ಒಂದೇ ಒಂದು ಪದರದ ಹೊದಿಕೆಯುಂಟು. ಕಾರ್ನಿಯಾದಲ್ಲಿ ನೀರು ತುಂಬಿ ಅದು ಮಸುಕಾಗದಂತೆ ಹಗಲಿರುಳು ಕಾಯುವುದು ಈ ಪದರವೇ. ಇಲ್ಲಿಯ ಕೋಶಗಳು ಒಮ್ಮೆ ನಾಶವಾದರೆ ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುವುದಿಲ್ಲ. ಉಳಿದ ಕೋಶಗಳೇ ಹರಡಿಕೊಂಡು ತೆರವನ್ನು ಮುಚ್ಚುತ್ತವೆ. ಕಾರ್ನಿಯಾದ ಹಿಂದೆ ಸುಮಾರು ೩ ಮಿಲಿಮೀಟರ್ ಆಳದ ಪುಟ್ಟ ಕೋಣೆ. ಅದರ ಹಿಂದೆ ಪಾಪೆ. ಪಾಪೆಯ ಹಿಂದೆ ತೆಳ್ಳನೆಯ ಚೀಲವೊಂದರಲ್ಲಿ ಕಣ್ಣಿನ ಮಸೂರ. ಆ ಚೀಲದ ಹಿಂಗೋಡೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಸುಮಾರು ನಾಲ್ಕು ಭಾಗದಷ್ಟು ಮಾತ್ರ ದಪ್ಪವಾಗಿದೆ.

ವಯಸ್ಸಾದಂತೆ ಈ ಮಸೂರ ಮಂಜುಗಟ್ಟುತ್ತದೆ. ಇದನ್ನೇ ಜನ ‘ಕಣ್ಣಿಗೆ ಪೊರೆ ಬಂದಿದೆ’ ಎನ್ನುವುದು. ಪೊರೆಗೆ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ, ಶಲಾಕೆಯೆಂಬ ಸಣ್ಣ ಕಡ್ಡಿಯಂಥ ಸಾಧನವನ್ನು ಕಣ್ಣಿನೊಳಗೆ ತೂರಿಸಿ ಪೊರೆಯನ್ನು ಬೆಳಕಿನ ದಾರಿಯಿಂದ ಸರಿಸುವ ವಿಧಾನವು ವರ್ಣಿತವಾಗಿದೆ. ಅದೇ ಗ್ರಂಥವು ನೂರೊಂದು ಯಂತ್ರಗಳನ್ನು ಎಣಿಸುತ್ತದೆ. ಅವುಗಳಲ್ಲಿ ‘ಸಂದಂಶ’ ಎಂಬ ಎರಡು ಬಗೆಯ ಚಿಮಟಗಳೂ ಸೇರಿವೆ. ಎಲ್ಲ ಯಂತ್ರಗಳಲ್ಲಿಯೂ ವೈದ್ಯನ ಕೈಯೇ ಮುಖ್ಯವಾದುದೆಂಬುದು ಸುಶ್ರುತನ ಅಭಿಪ್ರಾಯ.

ಪೊರೆಯನ್ನು ಸರಿಸುವುದಕ್ಕೆ ಬದಲಾಗಿ ಕಣ್ಣಿನಿಂದ ಹೊರತೆಗೆಯುವ ವಿಧಾನವನ್ನು ೧೭೪೭ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಎಂಬ ವೈದ್ಯರು ಕೈಗೊಂಡರು. ಪೊರೆಯೇನೋ ಹೋಯಿತು, ಆದರೆ ಅದರೊಡನೆ ಮಸೂರವೂ ಹೋಯಿತು. ಮಸೂರವಿಲ್ಲದ ಕಣ್ಣಿಗೆ ಬೆಳಕು ಕಂಡರೂ ರೂಪ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ದಪ್ಪ ಗಾಜಿನ ಕನ್ನಡಕ ಬೇಕಾಯಿತು. ಆ ಕನ್ನಡಕದಲ್ಲಿ ವಸ್ತುಗಳು ಸುಮಾರು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಪಕ್ಕದ ನೋಟ ಕುಗ್ಗುತ್ತಿತ್ತು. ಮೆಟ್ಟಿಲು ಎಲ್ಲಿದೆ, ಲೋಟ ಎಷ್ಟು ದೂರದಲ್ಲಿದೆ ಎಂಬ ಅಂದಾಜು ತಪ್ಪುತ್ತಿತ್ತು. ಕರ್ನಾಟಕದ ಊರೂರುಗಳಲ್ಲಿ ಡಾ. ಎಂ. ಸಿ. ಮೋದಿಯವರು ನಡೆಸಿದ ನೇತ್ರಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡು ಮತ್ತೆ ಲೋಕವನ್ನು ಕಂಡವರು ಅಸಂಖ್ಯರು. ಆ ಕಾಲದಲ್ಲಿ ಅಂಥವರಿಗೆಲ್ಲ ದಪ್ಪ ಕನ್ನಡಕವೇ ಆಸರೆ. ಅದು ಒಡೆದರೆ ಅಥವಾ ಕಳೆದರೆ, ಬಡವನ ಪಾಲಿಗೆ ಕತ್ತಲೆ ಮರಳಿ ಬಂದಂತೆಯೇ ಆಗುತ್ತಿತ್ತು.

ಈ ಕೊರತೆಯನ್ನು ನೀಗಿಸಲು ದಾರಿ ತೋರಿದವರು ಇಂಗ್ಲೆಂಡಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಮುಚ್ಚಳಕ್ಕೆ ಪರ್ಸ್ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕನ್ನು ಬಳಸುತ್ತಿದ್ದರು. ಅದು ಸಿಡಿದು ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕರೂ, ಕಣ್ಣು ಆ ಚೂರುಗಳನ್ನು ಸಹಿಸಿಕೊಂಡಿರುವುದನ್ನು ರಿಡ್ಲಿಯವರು ಗಮನಿಸಿದರು. ಮುಂದೊಮ್ಮೆ ಅವರ ಶಸ್ತ್ರಚಿಕಿತ್ಸೆಯನ್ನು ನೋಡುತ್ತಿದ್ದ ವಿದ್ಯಾರ್ಥಿಯೊಬ್ಬನು, ತೆಗೆದ ಮಸೂರಕ್ಕೆ ಬದಲಾಗಿ ಬೇರೊಂದನ್ನು ಏಕೆ ಇಡುವುದಿಲ್ಲವೆಂದು ಕೇಳಿದನು. ೧೯೪೯ರ ನವೆಂಬರ್ ೨೯ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರಿಡ್ಲಿಯವರು ಪ್ಲಾಸ್ಟಿಕ್ ಮಸೂರವೊಂದನ್ನು ರೋಗಿಯ ಕಣ್ಣಿನೊಳಗೆ ಇರಿಸಿದರು. ಆ ಮಸೂರದ ವ್ಯಾಸ ಎಂಟು ಮಿಲಿಮೀಟರಿಗೂ ಹೆಚ್ಚು. ಚಿಮಟಕ್ಕೆ ಹಿಡಿತ ಸಿಗಲೆಂದು ಅದರ ಅಂಚಿನ ಸುತ್ತಲೂ ಏಣೊಂದನ್ನು ರೂಪಿಸಲಾಗಿತ್ತು. ಹಿಡಿಯುವುದು ಹೇಗೆಂಬ ಪ್ರಶ್ನೆ ಮೊದಲ ಮಸೂರದೊಡನೆಯೇ ಹುಟ್ಟಿತೆಂಬುದಕ್ಕೆ ಇದೇ ಸಾಕ್ಷಿ. ರಿಡ್ಲಿಯವರ ಕಾರ್ಯವನ್ನು ಹಿರಿಯ ವೈದ್ಯರು ಹಲವರು ವಿರೋಧಿಸಿದರು. ಕೆಲವು ಮಸೂರಗಳು ಜಾರಿದವು. ಕೆಲವು ಕಣ್ಣುಗಳು ಊದಿಕೊಂಡವು. ಆದರೂ ಆ ಕಲ್ಪನೆ ಅಳಿಯಲಿಲ್ಲ. ೨೦೦೦ದಲ್ಲಿ ಅವರಿಗೆ ‘ಸರ್’ ಪದವಿ ದೊರೆಯಿತು.

ಮುಂದೆ ಮಸೂರಗಳು ಹಗುರವಾದವು. ಸುಮಾರು ೬ ಮಿಲಿಮೀಟರ್ ವ್ಯಾಸದ ಬಿಲ್ಲೆ, ಅದರ ಇಕ್ಕೆಲಗಳಲ್ಲಿ ಮೀಸೆಯಂತೆ ಬಾಗಿದ ಎರಡು ಎಳೆಗಳು: ಇದು ನಂತರದ ಮಸೂರದ ಸಾಮಾನ್ಯ ರೂಪ. ಈ ಎಳೆಗಳು ಮಸೂರವನ್ನು ಚೀಲದೊಳಗೆ ಅಲುಗದಂತೆ ನಿಲ್ಲಿಸುತ್ತವೆ. ಇಂಥ ವಸ್ತುವನ್ನು ಹಿಡಿಯುವ ಚಿಮಟವನ್ನು ರೂಪಿಸುವವನ ಮುಂದೆ ಒಂದಕ್ಕೊಂದು ವಿರುದ್ಧವಾದ ಬೇಡಿಕೆಗಳು ಬಂದು ನಿಲ್ಲುತ್ತವೆ.

ಮೊದಲನೆಯದು ಹಿಡಿತ. ಒದ್ದೆಯಾದ ಹುಣಸೆಯ ಬೀಜವನ್ನು ಬೆರಳುಗಳ ನಡುವೆ ಒತ್ತಿದರೆ ಅದು ಚಿಮ್ಮಿ ಹೋಗುತ್ತದೆ. ಕಣ್ಣಿನ ದ್ರವದಲ್ಲಿ ತೊಯ್ದ ಮಸೂರವೂ ಹಾಗೆಯೇ. ಹಲ್ಲುಗಳಿರುವ ಚಿಮಟವಾದರೆ ಅದು ಜಾರುವುದಿಲ್ಲ. ಆದರೆ ಹಲ್ಲಿನ ಗುರುತು ಮಸೂರದ ಮೈಮೇಲೆ ಉಳಿಯುತ್ತದೆ. ಆ ಗೀರು ನೋಟದ ನಡುವೆ ಬಂದರೆ ರೋಗಿ ಅದನ್ನು ಜೀವಮಾನವಿಡೀ ಹೊತ್ತಿರಬೇಕಾಗುತ್ತದೆ. ಆದುದರಿಂದ ಚಿಮಟದ ತುದಿ ಹಲ್ಲಿಲ್ಲದೆ ನುಣುಪಾಗಿರಬೇಕು. ಅದರ ಅಂಚುಗಳು ಕೂಡ ದುಂಡಾಗಿರಬೇಕು. ಹಾಗಾದರೆ ಜಾರದಂತೆ ಹಿಡಿಯುವುದು ಹೇಗೆ? ಭೌತಶಾಸ್ತ್ರದ ಒಂದು ಸರಳ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಅದೇ ಬಲವು ಇಮ್ಮಡಿ ವಿಸ್ತಾರದ ಮೇಲೆ ಹಂಚಿಹೋದರೆ ಒತ್ತಡ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ತುದಿಯ ಒಳಮೈಯನ್ನು ಚಪ್ಪಟೆಯಾದ ಪುಟ್ಟ ಜಗಲಿಯಂತೆ ಮಾಡುತ್ತಾರೆ. ಎರಡು ಜಗಲಿಗಳೂ ಉದ್ದಕ್ಕೂ ಒಂದರೊಡನೊಂದು ಸರಿಯಾಗಿ ಕೂಡಿಕೊಳ್ಳಬೇಕು. ಕೂದಲೆಳೆಯಷ್ಟು ವಾರೆಯಾದರೂ ಮಸೂರ ತಿರುಗಿಬಿಡುತ್ತದೆ.

ಎರಡನೆಯದು ಸ್ಥಳ. ಜಗಲಿ ಅಗಲವಾದಷ್ಟೂ ಹಿಡಿತ ಮೃದು. ಆದರೆ ಅಗಲವಾದ ತುದಿಗೆ ಅಗಲವಾದ ಗಾಯ ಬೇಕು. ಇನ್ನು ಚಿಮಟದ ತೋಳನ್ನು ತೆಳುವಾಗಿಸೋಣವೆಂದರೆ ಅದು ಬಾಗುತ್ತದೆ. ಲೋಹದ ಪಟ್ಟಿಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಅದರ ಬಿಗಿತ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ದಪ್ಪವಾದರೆ ಕಣ್ಣಿಗೆ ಕೇಡು, ತೆಳುವಾದರೆ ಹಿಡಿತಕ್ಕೆ ಕೇಡು. ಇವೆರಡರ ನಡುವಣ ಇಕ್ಕಟ್ಟಾದ ದಾರಿಯಲ್ಲಿ ವಿನ್ಯಾಸಕಾರನು ನಡೆಯಬೇಕು.

ಮೂರನೆಯದು ಬೆರಳಿನ ಶ್ರಮ. ಚಿಮಟದ ಸೆಡೆತ ಹೆಚ್ಚಾದರೆ ಅದನ್ನು ಅದುಮಿ ಹಿಡಿಯುವ ಬೆರಳು ದಣಿದು ನಡುಗುತ್ತದೆ. ಸೆಡೆತ ಕಡಿಮೆಯಾದರೆ ಎಷ್ಟು ಅದುಮಿದ್ದೇನೆಂಬುದು ಬೆರಳಿಗೆ ತಿಳಿಯುವುದಿಲ್ಲ. ಕೆಲವು ಚಿಮಟಗಳ ತೋಳುಗಳ ನಡುವೆ ಸಣ್ಣ ಮೊಳೆಯೊಂದನ್ನು ಇಟ್ಟಿರುತ್ತಾರೆ. ವೈದ್ಯರು ಮರೆತು ಬಲವಾಗಿ ಅದುಮಿದರೂ ಅದು ತೋಳುಗಳನ್ನು ತಡೆದು ಮಸೂರವನ್ನು ಕಾಪಾಡುತ್ತದೆ. ಇನ್ನು ಕೆಲವು ಚಿಮಟಗಳ ತೋಳುಗಳು ಕತ್ತರಿಯಂತೆ ಅಡ್ಡಹಾಯ್ದಿರುತ್ತವೆ. ಅವು ಅದುಮಿದಾಗ ತೆರೆದು, ಬಿಟ್ಟಾಗ ಮುಚ್ಚಿಕೊಳ್ಳುತ್ತವೆ.

ನಾಲ್ಕನೆಯದು ನೋಟ. ವೈದ್ಯರು ಸೂಕ್ಷ್ಮದರ್ಶಕದ ಮೂಲಕ ನೋಡುತ್ತ ಕೆಲಸ ಮಾಡುತ್ತಾರೆ. ಚಿಮಟ ನೇರವಾಗಿದ್ದರೆ ಅವರ ಕೈಯೇ ನೋಟಕ್ಕೆ ಅಡ್ಡವಾಗುತ್ತದೆ. ಅದಕ್ಕಾಗಿ ತುದಿಯನ್ನು ಓರೆಯಾಗಿ ಬಾಗಿಸುತ್ತಾರೆ. ಮಸೂರದ ಎಳೆಯನ್ನು ಹಿಡಿದು ಚೀಲದೊಳಗೆ ಸೇರಿಸಲು ಬಳಸುವ ಮ್ಯಾಕ್‌ಫರ್ಸನ್ ಚಿಮಟ ಇಂಥದು. ಪ್ರಖರವಾದ ದೀಪದಲ್ಲಿ ಲೋಹ ಥಳಥಳಿಸಿದರೆ ಕಣ್ಣು ಕೋರೈಸುವುದರಿಂದ ಇಂಥ ಉಪಕರಣಗಳ ಹೊರಮೈಯನ್ನು ಮಂಕಾಗಿಸುವುದುಂಟು.

ಲೋಹದ ಆಯ್ಕೆಯೂ ಸುಲಭವಲ್ಲ. ತುಕ್ಕು ಹಿಡಿಯದ ಉಕ್ಕು ಗಟ್ಟಿ, ಅಗ್ಗ. ಆದರೆ ಅದು ಕಾಂತಗುಣವನ್ನು ಪಡೆದರೆ ಕೂದಲಿನಂಥ ಸೂಜಿಗಳು ಅದಕ್ಕೆ ಅಂಟಿಕೊಂಡು ತೊಂದರೆ ಕೊಡುತ್ತವೆ. ಟೈಟೇನಿಯಂ ಹಗುರ, ಅದಕ್ಕೆ ಕಾಂತಗುಣವೂ ಬರುವುದಿಲ್ಲ, ತುಕ್ಕೂ ತಟ್ಟುವುದಿಲ್ಲ. ಆದರೆ ಅದರ ಬೆಲೆ ಹೆಚ್ಚು. ಯಾವ ಲೋಹವಾದರೂ ೧೨೧ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೀರಿದ ಬಿಸಿಯ ಹಬೆಯನ್ನು ಮತ್ತೆ ಮತ್ತೆ ತಾಳಬೇಕು. ತೊಳೆಯಲು ಬಾರದ ಸಂದುಗಳು ಅದರಲ್ಲಿ ಇರಬಾರದು. ಸಂದಿನಲ್ಲುಳಿದ ಕೊಳೆ ಮುಂದಿನ ರೋಗಿಯ ಕಣ್ಣನ್ನು ಸೇರೀತು.

ಅಮೆರಿಕದ ಚಾರ್ಲ್ಸ್ ಕೆಲ್ಮನ್ ಎಂಬ ನೇತ್ರವೈದ್ಯರು, ಹಲ್ಲಿನ ವೈದ್ಯರು ಬಳಸುವ ಉಪಕರಣದಿಂದ ಸ್ಫೂರ್ತಿ ಪಡೆದು, ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನವನ್ನು ೧೯೬೭ರಲ್ಲಿ ಬಳಕೆಗೆ ತಂದರು. ಇದಕ್ಕೆ ೩ ಮಿಲಿಮೀಟರಿನಷ್ಟು ಗಾಯ ಸಾಕು. ಆದರೆ ೬ ಮಿಲಿಮೀಟರಿನ ಗಡುಸಾದ ಮಸೂರವನ್ನು ಅದರಲ್ಲಿ ತೂರಿಸುವುದು ಹೇಗೆ? ಮಸೂರಕ್ಕಾಗಿ ಗಾಯವನ್ನು ಮತ್ತೆ ದೊಡ್ಡದು ಮಾಡಿದರೆ ಹೊಸ ವಿಧಾನದ ಲಾಭವೇ ಹೋಗುತ್ತದೆ. ೧೯೮೦ರ ದಶಕದಲ್ಲಿ ಥಾಮಸ್ ಮಜ್ಜೊಕೊ ಮೊದಲಾದವರ ಯತ್ನದಿಂದ ಮಡಿಸಬಲ್ಲ ಮೃದುವಾದ ಮಸೂರಗಳು ಬಂದವು. ಆಗ ಚಿಮಟದ ಕೆಲಸ ಎರಡಾಯಿತು. ಒಂದು ಚಿಮಟ ಮಸೂರವನ್ನು ವೀಳ್ಯದೆಲೆಯಂತೆ ನಡುವೆ ಮಡಿಸುತ್ತದೆ. ಇನ್ನೊಂದು ಆ ಮಡಿಕೆಯನ್ನು ಹಿಡಿದು ಕಣ್ಣಿನೊಳಕ್ಕೆ ಒಯ್ಯುತ್ತದೆ. ಅಲ್ಲಿ ಚಿಮಟವನ್ನು ಸಡಿಲಿಸಿದಾಗ ಮಸೂರವು ಥಟ್ಟನೆ ಬಿಚ್ಚಿಕೊಂಡರೆ ತೆಳ್ಳನೆಯ ಚೀಲ ಹರಿದೀತು. ಹಿಡಿಯುವುದು ಎಷ್ಟು ಮುಖ್ಯವೋ, ಮೆಲ್ಲನೆ ಬಿಡುವುದೂ ಅಷ್ಟೇ ಮುಖ್ಯ. ಮುಂದೆ ಮಸೂರವನ್ನು ಸುರುಳಿ ಸುತ್ತಿ ಕೊಳವೆಯ ಮೂಲಕ ಒಳಗೆ ಬಿಡುವ ಸಾಧನಗಳು ಬಂದು ಗಾಯ ಇನ್ನೂ ಕಿರಿದಾಯಿತು. ಆದರೂ ಚಿಮಟ ಮೂಲೆಗೆ ಸರಿಯಲಿಲ್ಲ. ಗಡುಸಾದ, ಅಗ್ಗದ ಮಸೂರವನ್ನು ಹೊಲಿಗೆ ಬೇಡದ ಸಣ್ಣ ಗಾಯದ ಮೂಲಕ ಇರಿಸುವ ಶಸ್ತ್ರಚಿಕಿತ್ಸೆ ನಮ್ಮ ದೇಶದಲ್ಲಿ ಇಂದಿಗೂ ನಡೆಯುತ್ತಿದೆ.

ಉಪಕರಣವು ಕಣ್ಣಿಗೆ ಹೊಂದಿದರೆ ಸಾಲದು, ಕೈಗೂ ಹೊಂದಬೇಕು. ಈ ಮಾತಿಗೆ ತಮಿಳುನಾಡಿನ ಡಾ. ಜಿ. ವೆಂಕಟಸ್ವಾಮಿಯವರ ಬದುಕೇ ನಿದರ್ಶನ. ೧೯೧೮ರಲ್ಲಿ ಜನಿಸಿದ ಅವರಿಗೆ ತಾರುಣ್ಯದಲ್ಲಿಯೇ ತೀವ್ರವಾದ ಸಂಧಿವಾತ ತಗುಲಿ ಬೆರಳುಗಳು ಸೊಟ್ಟಗಾದವು. ಲೇಖನಿಯನ್ನು ಹಿಡಿಯುವುದೇ ಕಷ್ಟವಾದ ಆ ಕೈಯಿಂದ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಯಾರು ತಾನೇ ನಿರೀಕ್ಷಿಸಿಯಾರು? ಅವರು ಎದೆಗುಂದಲಿಲ್ಲ. ತಮ್ಮ ಬೆರಳುಗಳಿಗೆ ಒಗ್ಗುವಂಥ ಉಪಕರಣಗಳನ್ನು ರೂಪಿಸಿಕೊಂಡು, ಸತತವಾಗಿ ಅಭ್ಯಾಸ ಮಾಡಿ, ತಮ್ಮ ಜೀವಮಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, ೧೯೭೬ರಲ್ಲಿ, ಮಧುರೈಯಲ್ಲಿ ಹನ್ನೊಂದು ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದರು. ಹೊರದೇಶದ ಮಸೂರಗಳು ಬಡವರ ಕೈಗೆಟುಕದಿದ್ದ ಕಾಲದಲ್ಲಿ, ೧೯೯೨ರಲ್ಲಿ, ಅಗ್ಗದ ಮಸೂರಗಳನ್ನು ತಯಾರಿಸುವ ಆರೋಲ್ಯಾಬ್ ಎಂಬ ಸಂಸ್ಥೆ ಅಲ್ಲಿಯೇ ಸ್ಥಾಪನೆಯಾಯಿತು. ಅವರು ೨೦೦೬ರಲ್ಲಿ ತೀರಿಕೊಂಡರು.

ಚಿಮಟವನ್ನು ರೂಪಿಸುವವನು ವೈದ್ಯನ ಮಾತಿಗೆ ಕಿವಿಗೊಡಬೇಕು. ವೈದ್ಯನು ಲೋಹದ ಇತಿಮಿತಿಗಳನ್ನು ಅರಿಯಬೇಕು. ಕಾಗದದ ಮೇಲೆ ಚೆಂದವಾಗಿ ಕಂಡ ರೂಪ ಕೈಯಲ್ಲಿ ಒಡ್ಡಾಗಬಹುದು. ಆದುದರಿಂದ ಮಾದರಿಯನ್ನು ಮಾಡಿ, ಪ್ರಾಣಿಗಳ ಕಣ್ಣಿನ ಮೇಲೆ ಪರೀಕ್ಷಿಸಿ, ತಪ್ಪನ್ನು ಕಂಡು, ಅರದಿಂದ ಒಂದು ಎಳೆ ಉಜ್ಜಿ, ಮತ್ತೆ ಪರೀಕ್ಷಿಸಬೇಕಾಗುತ್ತದೆ. ಹತ್ತಾರು ಸಲ ಹೀಗೆ ತಿದ್ದಿದ ಮೇಲೆ ಬೆರಳುದ್ದದ ಉಪಕರಣವೊಂದು ಸಿದ್ಧವಾಗುತ್ತದೆ.

ಶಸ್ತ್ರಚಿಕಿತ್ಸೆಯ ಮರುದಿನ ಬೆಳಗ್ಗೆ ಕಣ್ಣಿನ ಪಟ್ಟಿಯನ್ನು ಬಿಚ್ಚಿದಾಗ ಅಜ್ಜಿಯೊಬ್ಬಳು ತನ್ನ ಮೊಮ್ಮಗುವಿನ ಮುಖವನ್ನು ಕಾಣುತ್ತಾಳೆ. ವೈದ್ಯರಿಗೆ ಕೈಮುಗಿಯುತ್ತಾಳೆ. ತನ್ನ ಕಣ್ಣಿನೊಳಗೆ ಕೆಲವು ಕ್ಷಣಗಳು ಬಂದುಹೋದ ಚಿಮಟದ ವಿಷಯ ಅವಳಿಗೆ ತಿಳಿದಿರುವುದಿಲ್ಲ. ಅದು ಅಲ್ಲಿಗೆ ಬಂದಿತ್ತೆಂಬುದಕ್ಕೆ ಕಣ್ಣಿನಲ್ಲಿ ಯಾವ ಗುರುತೂ ಉಳಿಯದಿದ್ದರೆ, ಅದನ್ನು ರೂಪಿಸಿದವನ ಶ್ರಮ ಸಾರ್ಥಕವಾದಂತೆ.

ಅಭ್ಯಾಸ

೧. ಚಿಮಟದ ರೂಪವನ್ನು ‘ಅದು ತಾಕಬಾರದ ವಸ್ತುಗಳು’ ನಿರ್ಧರಿಸುತ್ತವೆ ಎಂಬ ಮಾತನ್ನು ವಿವರಿಸಿರಿ.
೨. ಪೊರೆ ತೆಗೆಸಿಕೊಂಡವರಿಗೆ ದಪ್ಪ ಕನ್ನಡಕದಿಂದ ಆಗುತ್ತಿದ್ದ ತೊಂದರೆಗಳಾವುವು?
೩. ಚಿಮಟದ ತುದಿಯನ್ನು ಚಪ್ಪಟೆಯಾದ ಜಗಲಿಯಂತೆ ಮಾಡುವುದೇಕೆ?
೪. ಮಡಿಸಬಲ್ಲ ಮಸೂರಗಳು ಬಂದ ಮೇಲೆ ಚಿಮಟದ ಕೆಲಸ ಹೇಗೆ ಬದಲಾಯಿತು?
೫. ನಿಮ್ಮ ಊರಿನ ಕುಶಲಕರ್ಮಿಯೊಬ್ಬನು ಬಳಸುವ ಉಪಕರಣವೊಂದನ್ನು ನೋಡಿ, ಅದಕ್ಕೆ ಆ ರೂಪ ಏಕೆ ಬಂತೆಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.