ಗುಳಿಗೆ ಮತ್ತು ಅದರ ಗುರುತು

ಕರ್ನಾಟಕದ ಮುಕುಟದಂತಿರುವ ಬೀದರ ಜಿಲ್ಲೆಯಲ್ಲಿ ಔರಾದ, ಭಾಲ್ಕಿ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಇಲ್ಲಿಯ ರೋಗಿಗಳು ಬೀದರದ ದವಾಖಾನೆಗೆ ಹೋಗುವಂತೆಯೇ ಉದಗೀರಕ್ಕೂ ಹೈದರಾಬಾದಿಗೂ ಹೋಗುವುದುಂಟು. ವೈದ್ಯರೊಡನೆ ಮಾತು ಕನ್ನಡ, ಮರಾಠಿ, ಉರ್ದು ಯಾವುದರಲ್ಲಾದರೂ ನಡೆದೀತು. ಔಷಧದ ಚೀಟಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ.

ಭಾಲ್ಕಿಯ ಸಮೀಪದ ಹಳ್ಳಿಯೊಂದರ ವೃದ್ಧ ರೈತನನ್ನು ಊಹಿಸಿಕೊಳ್ಳಬಹುದು. ಬಹುಕಾಲದ ಮಧುಮೇಹದಿಂದ ಅವನ ಅಂಗಾಲುಗಳು ರಾತ್ರಿಯೆಲ್ಲ ಉರಿಯುತ್ತವೆ. ವೈದ್ಯರು ಅಮಿಟ್ರಿಪ್ಟಿಲಿನ್ ಎಂಬ ಗುಳಿಗೆಯನ್ನು ಬರೆದುಕೊಟ್ಟರು. ಮಗಳು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಾಗ, ಅದು ಮನಸ್ಸಿನ ಖಿನ್ನತೆಗೆ ಕೊಡುವ ಔಷಧವೆಂದು ತಿಳಿಯಿತು. "ನನಗೇನು ತಲೆ ಕೆಟ್ಟಿದೆಯೆ?" ಎಂದು ಮುದುಕನು ಗುಳಿಗೆಯನ್ನು ಬದಿಗಿಟ್ಟನು. ವೈದ್ಯರು ತಪ್ಪಿರಲಿಲ್ಲ, ತಿಳಿಸಿ ಹೇಳಿರಲಿಲ್ಲ, ಅಷ್ಟೇ.

ಯಾವುದೇ ಹೊಸ ಔಷಧವನ್ನು ಇಂತಹ ರೋಗಕ್ಕೆ, ಇಷ್ಟು ಪ್ರಮಾಣದಲ್ಲಿ ಬಳಸಬಹುದೆಂದು ಸರಕಾರ ಪರೀಕ್ಷಿಸಿ ಒಪ್ಪಿಗೆ ಕೊಡುತ್ತದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯೇ ಭಾರತದಲ್ಲಿ ಈ ವ್ಯವಸ್ಥೆಯ ಅಡಿಗಲ್ಲು. ಕಾಲ ಕಳೆದಂತೆ ಆ ಔಷಧ ಬೇರೊಂದು ರೋಗಕ್ಕೂ ಗುಣಕಾರಿ ಎಂದು ವೈದ್ಯರು ಕಂಡುಕೊಳ್ಳುತ್ತಾರೆ. ಆದರೆ ಹಳೆಯ, ಅಗ್ಗದ ಔಷಧಕ್ಕಾಗಿ ಹಣ ವೆಚ್ಚಮಾಡಿ ಹೊಸ ಒಪ್ಪಿಗೆ ಪಡೆಯಲು ತಯಾರಕರು ಮುಂದಾಗುವುದು ಅಪರೂಪ. ಹೀಗೆ ಒಪ್ಪಿಗೆಯ ಪತ್ರದಲ್ಲಿಲ್ಲದ ಉಪಯೋಗವನ್ನು 'ಆಫ್ ಲೇಬಲ್' ಬಳಕೆ ಎನ್ನುತ್ತಾರೆ. ಅಮಿಟ್ರಿಪ್ಟಿಲಿನ್ ನರಗಳ ನೋವಿಗೆ ಸಲ್ಲುವುದು ಬಹುಮಟ್ಟಿಗೆ ಈ ಬಗೆಯಲ್ಲಿಯೇ.

ಇದೆಲ್ಲವೂ ನಿರಪಾಯವೆಂದಲ್ಲ. ನಿದ್ರೆಯ ಔಷಧವಾಗಿ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನು ಗರ್ಭಿಣಿಯರು ವಾಕರಿಕೆಗೂ ಸೇವಿಸಿದರು. ಸಾವಿರಾರು ಶಿಶುಗಳು ಕೈಕಾಲು ಊನವಾಗಿ ಹುಟ್ಟಿದವು. 1961ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಅದೇ ಔಷಧ 1998ರಲ್ಲಿ ಕುಷ್ಠರೋಗದ ಒಂದು ತೀವ್ರ ತೊಡಕಿಗೆ, ಕಟ್ಟುನಿಟ್ಟಿನ ನಿಯಮಗಳೊಡನೆ, ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು! ಭಾರತವೂ ಸ್ತನ ಕ್ಯಾನ್ಸರಿನ ಔಷಧವಾದ ಲೆಟ್ರೊಜೋಲನ್ನು ಬಂಜೆತನದ ಚಿಕಿತ್ಸೆಗೆ ಬಳಸುವುದನ್ನು 2011ರಲ್ಲಿ ನಿಷೇಧಿಸಿ, ಮುಂದೆ ಆ ನಿಷೇಧವನ್ನು ಹಿಂತೆಗೆದುಕೊಂಡಿತು.

ದೇಶದಲ್ಲಿ ಒಪ್ಪಿಗೆಯನ್ನೇ ಪಡೆಯದ ಔಷಧದ ಮಾತು ಬೇರೆ. ವಿರಳ ರೋಗವುಳ್ಳವನು ಅದನ್ನು ಸ್ವಂತಕ್ಕಾಗಿ ಹೊರದೇಶದಿಂದ ತರಿಸಬೇಕಾದರೆ, ವೈದ್ಯರ ಚೀಟಿಯೊಡನೆ ನಮೂನೆ 12ಎ ಯಲ್ಲಿ ಅರ್ಜಿ ಸಲ್ಲಿಸಿ 12ಬಿ ಅನುಮತಿ ಪಡೆಯುವ ದಾರಿಯುಂಟು.

ಸಂತೆಯಲ್ಲಿ ಕಾಗದದಲ್ಲಿ ಕಟ್ಟಿ ಮಾರುವ ಹೆಸರಿಲ್ಲದ ಪುಡಿಯನ್ನು ಈ ಎರಡರೊಡನೆಯೂ ಸೇರಿಸಲಾಗದು. ನಮ್ಮ ಮುದುಕನು ಗುಳಿಗೆ ಬಿಟ್ಟು ಹಿಡಿದದ್ದು ಅಂತಹ ಪುಡಿಯನ್ನೇ. ನೋವಿನ ಪುಡಿಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸುವುದುಂಟು. ಅದರಿಂದ ಮೈ ಹಗುರವಾದಂತೆ ತೋರುತ್ತದೆ, ರಕ್ತದ ಸಕ್ಕರೆ ಮಾತ್ರ ಏರುತ್ತದೆ, ಮುಖ ಊದಿಕೊಳ್ಳುತ್ತದೆ. ಅಂಗಡಿಯ ಔಷಧದ ಮೇಲೆ ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರುತ್ತವೆ. ಪುಡಿಯ ಕಾಗದದ ಮೇಲೆ ಹಳೆಯ ಪತ್ರಿಕೆಯ ಸುದ್ದಿಯಷ್ಟೇ ಇರುತ್ತದೆ.

ಸಕ್ಕರೆ ಮಿತಿಮೀರಿದ ಮೇಲೆ ಮಗಳು ತಂದೆಯನ್ನು ಮತ್ತೆ ಬೀದರಕ್ಕೆ ಕರೆತಂದಳು. ಪುಡಿಯ ಪೊಟ್ಟಣವನ್ನೂ ಜೊತೆಗೆ ತಂದದ್ದು ಅವಳ ಜಾಣತನ. ಬಹುದಿನ ಸೇವಿಸಿದ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ಈ ಗುಳಿಗೆ ಯಾವ ರೋಗಕ್ಕೆಂದು ಒಪ್ಪಿಗೆ ಪಡೆದಿದೆ, ಅಪ್ಪನಿಗೆ ಏಕೆ ಕೊಡುತ್ತಿದ್ದೀರಿ, ಬೇರೆ ಔಷಧವಿಲ್ಲವೆ, ಏನು ತೊಂದರೆಯಾದೀತು ಎಂದು ಅವಳು ಕೇಳಿದಳು. ಬಾಯಿ ಒಣಗಬಹುದು, ತೂಕಡಿಕೆ ಬರಬಹುದು, ಹೃದ್ರೋಗವಿದ್ದರೆ ಮೊದಲೇ ತಿಳಿಸಬೇಕು ಎಂದರು ವೈದ್ಯರು. ಔಷಧದ ದುಷ್ಪರಿಣಾಮವನ್ನು ರೋಗಿಯೇ ವರದಿ ಮಾಡಬಹುದೆಂದೂ, ಅದಕ್ಕಾಗಿ 1800-180-3024 ಎಂಬ ಉಚಿತ ದೂರವಾಣಿ ಇದೆಯೆಂದೂ ಹೇಳಿದರು. ಬಳಿಕ ಚೀಟಿಯಲ್ಲಿ ಗುಳಿಗೆಯ ಹೆಸರಿನ ಪಕ್ಕಕ್ಕೆ ಕನ್ನಡದಲ್ಲಿ ಬರೆದರು: "ಕಾಲುರಿಗೆ. ರಾತ್ರಿ ಒಂದು."