ಸೀರೆಯ ಅಡಿಯಲ್ಲಿಟ್ಟ ರಿಪೋರ್ಟು

ಪ್ರಶ್ನೆ: ನನಗೆ 44 ವರ್ಷ. ಎರಡು ತಿಂಗಳಿಂದ ತುಂಬ ಸುಸ್ತು. ಸುಳ್ಯ ಪೇಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ರಿಪೋರ್ಟಿನಲ್ಲಿ ನಾಲ್ಕು ಕಡೆ ದಪ್ಪ ಅಕ್ಷರವಿದೆ: ಹಿಮೋಗ್ಲೋಬಿನ್ 9.6, ಎಂಸಿವಿ 71, ಪ್ಲೇಟ್‌ಲೆಟ್ 1.42 ಲಕ್ಷ, ಇಎಸ್ಆರ್ 45. ಮೊಬೈಲಿನಲ್ಲಿ ಹುಡುಕಿದರೆ ರಕ್ತದ ಕ್ಯಾನ್ಸರ್ ಎಂದು ಬಂತು. ಕಾಗದವನ್ನು ಕಪಾಟಿನಲ್ಲಿ ಸೀರೆಯ ಅಡಿ ಇಟ್ಟಿದ್ದೇನೆ. ತೋಟಕ್ಕೆ ಹಳದಿ ರೋಗ ಬಂದು ಯಜಮಾನರು ಮೊದಲೇ ಕುಗ್ಗಿಹೋಗಿದ್ದಾರೆ. ಅವರಿಗೆ ಹೇಗೆ ಹೇಳಲಿ? ಹದಿನೈದು ದಿನದಿಂದ ನಿದ್ದೆ ಇಲ್ಲ. ರಿಪೋರ್ಟಿನ ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಮುಟ್ಟು ಎಂಟು ದಿನ ಹೋಗುತ್ತದೆ, ಅದನ್ನೂ ಹೇಳಬೇಕೋ ಏನೋ.
– ಹೆಸರು ಬೇಡ, ಅರಂತೋಡು

ಉತ್ತರ: ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗಬಾರದೆಂದು ಹದಿನೈದು ರಾತ್ರಿ ಉಸಿರು ಬಿಗಿಹಿಡಿದು ಮಲಗಿದ್ದೀರಿ. ಅದರ ಭಾರ ಸಣ್ಣದಲ್ಲ. ಕಾಗದ ಬಚ್ಚಿಟ್ಟಿದ್ದೂ ಮನೆಯವರ ಮೇಲಿನ ಪ್ರೀತಿಯಿಂದಲೇ. ಹೆದರಿದ್ದಕ್ಕೆ ನಾಚಿಕೆ ಬೇಡ. ದಪ್ಪ ಅಕ್ಷರ ಕಂಡರೆ ಎಂಥವರಿಗೂ ಎದೆ ಝಲ್ಲೆನ್ನುತ್ತದೆ.

ಆದರೆ ಆ ದಪ್ಪ ಅಕ್ಷರ ಹಾಕುವುದು ಕಂಪ್ಯೂಟರ್. ನಿಮ್ಮನ್ನು ಅದು ಕಂಡಿಲ್ಲ. ಬಲಗಡೆ ಅಚ್ಚಾಗಿರುವ 'ಸಾಮಾನ್ಯ ಮಿತಿ' ಹೆಚ್ಚಿನ ಪರೀಕ್ಷೆಗಳಲ್ಲಿ ಹೇಗೆ ಬರುತ್ತದೆ ಗೊತ್ತೇ? ಆರೋಗ್ಯವಂತ 100 ಜನರಲ್ಲಿ ನಡುವಿನ 95 ಜನರ ಅಂಕಿ ಎಲ್ಲಿಂದ ಎಲ್ಲಿಯವರೆಗಿದೆಯೋ ಅದೇ ಮಿತಿ. ಹೊರಗುಳಿದ ಐವರೂ ಆರೋಗ್ಯವಂತರೇ! ಒಮ್ಮೆಗೇ 20 ಪರೀಕ್ಷೆ ಮಾಡಿಸಿದರೆ ಗಟ್ಟಿಮುಟ್ಟಾದವರಿಗೂ ಒಂದಾದರೂ ಗೆರೆ ದಾಟುವ ಸಂಭವವೇ ಹೆಚ್ಚು.

ತೋಟದ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಣಿಯಲ್ಲಿ ನೀರು ನಿಂತರೂ ಅಡಿಕೆ ಸೋಗೆ ಹಳದಿಯಾಗುತ್ತದೆ, ಗೊಬ್ಬರ ಸಾಲದಿದ್ದರೂ ಆಗುತ್ತದೆ. ಬುಡ ನೋಡದೆ, ಬೇರು ನೋಡದೆ ಯಾರೂ ಮರ ಕಡಿಯುವುದಿಲ್ಲ. ಆದರೂ ಒಮ್ಮೆ ಹಳದಿ ರೋಗ ಕಂಡ ಮನೆಯವರಿಗೆ ಯಾವ ಹಳದಿ ಕಂಡರೂ ಅದೇ ಎನಿಸುತ್ತದೆ. ಈ ರಿಪೋರ್ಟನ್ನೂ ನೀವು ಆ ಕಣ್ಣಿನಿಂದಲೇ ಓದಿದ್ದೀರೇನೋ.

ಈಗ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡೋಣ. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ನಿಮ್ಮದು 9.6, ಇದನ್ನು ಬಿಟ್ಟುಬಿಡುವಂತಿಲ್ಲ. ಎಂಸಿವಿ ಎಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. 80ರಿಂದ 100 ಇರಬೇಕಾದದ್ದು 71ಕ್ಕೆ ಇಳಿದಿದೆ, ಅಂದರೆ ಕಣಗಳು ಸಣ್ಣದಾಗಿವೆ. ಹೀಗಾಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಕಬ್ಬಿಣಾಂಶದ ಕೊರತೆ. ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ಮುಟ್ಟಿನ ಮಾತು ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿಯೇ. ತಿಂಗಳು ತಿಂಗಳೂ ಎಂಟು ದಿನ ರಕ್ತ ಹೋದರೆ ದೇಹದ ಕಬ್ಬಿಣಾಂಶ ಬರಿದಾಗುತ್ತ ಬರುತ್ತದೆ. ರಕ್ತಹೀನತೆಯೊಂದರಿಂದಲೇ ಇಎಸ್ಆರ್ ಏರಬಹುದು. ಪ್ಲೇಟ್‌ಲೆಟ್‌ಗೆ 1.5 ಲಕ್ಷದ ಗೆರೆ; ನಿಮ್ಮದು ಅದರ ಹೊಸ್ತಿಲಲ್ಲೇ ಇದೆ. ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಯಂತ್ರ ಕಡಿಮೆ ಎಣಿಸುವುದೂ ಉಂಟು. ಇನ್ನು ಬಿಳಿ ರಕ್ತಕಣ 7,200, ಮಿತಿಯ ಒಳಗೇ ಇದೆ. ಅಲ್ಲಿ ದಪ್ಪ ಅಕ್ಷರ ಇಲ್ಲದ್ದರಿಂದ ನೀವು ಆ ಸಾಲನ್ನು ನೋಡಿಯೇ ಇಲ್ಲವೇನೋ.

ಇಷ್ಟರಿಂದ 'ಇದೇ ಕಾಯಿಲೆ' ಎಂದು ನಾನು ಹೇಳಲಾರೆ, ಮೊಬೈಲೂ ಹೇಳಲಾರದು. ನಿಮ್ಮ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡುವ, ಹೊಟ್ಟೆ ಮುಟ್ಟಿ ನೋಡುವ ಡಾಕ್ಟರೇ ಹೇಳಬೇಕು. ಈ ವಾರದೊಳಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸುಳ್ಯಕ್ಕೋ ಹೋಗಿ. ಹಳೆಯ ರಿಪೋರ್ಟುಗಳಿದ್ದರೆ ಅವೂ ಜೊತೆಗಿರಲಿ. ಐದು ವರ್ಷದ ಹಿಂದೆಯೂ ಪ್ಲೇಟ್‌ಲೆಟ್ ಇಷ್ಟೇ ಇದ್ದರೆ ಅದೇ ದೊಡ್ಡ ಸುದ್ದಿ. ಮುಟ್ಟಿನ ವಿಷಯವನ್ನು ಮೊದಲು ಹೇಳಿ, ಸಂಕೋಚವಾದರೆ ಲೇಡಿ ಡಾಕ್ಟರನ್ನು ಕೇಳಿ. ರಕ್ತದ ಸ್ಮಿಯರ್ ಮತ್ತು ಫೆರಿಟಿನ್ ಪರೀಕ್ಷೆ ಬೇಕೇ ಎಂದು ವಿಚಾರಿಸಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಾದರೆ ಅದನ್ನೂ ತಿಳಿಸಿ: ಒದ್ದೆ ಮಣ್ಣಿನಿಂದ ಪಾದದ ಚರ್ಮ ಹೊಕ್ಕು ಕರುಳು ಸೇರುವ ಕೊಕ್ಕೆಹುಳವೂ ರಕ್ತ ಹೀರುತ್ತದೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬೇಡಿ, ಒಂದೆರಡು ಗಂಟೆ ಬಿಡಿ. ಮಾತ್ರೆಯಿಂದ ಮಲ ಕಪ್ಪಗಾಗುವುದುಂಟು, ಗಾಬರಿ ಬೇಡ. ಆದರೆ ಕೂತಲ್ಲೇ ಏದುಸಿರು, ಎದೆನೋವು, ವಸಡಿನಿಂದ ರಕ್ತ, ಇಂಥದ್ದೇನಾದರೂ ಕಂಡರೆ ವಾರ ಕಾಯದೆ ಅವತ್ತೇ ಹೊರಡಿ.

ಯಜಮಾನರಿಗೆ ಇವತ್ತು ರಾತ್ರಿಯೇ ಹೇಳಿ. ಕ್ಯಾನ್ಸರ್ ಎಂಬ ಮಾತಿನಿಂದ ಶುರುಮಾಡಬೇಡಿ. "ರಕ್ತ ಕಡಿಮೆ ಉಂಟಂತೆ, ಡಾಕ್ಟರಲ್ಲಿಗೆ ಒಟ್ಟಿಗೆ ಬನ್ನಿ" ಎಂದರೆ ಸಾಕು. ತೋಟ ಕಳೆದುಕೊಳ್ಳುತ್ತಿರುವವರಿಗೆ ಮನೆಯಲ್ಲಿ ತಮ್ಮಿಂದಾಗುವ ಕೆಲಸವೊಂದು ಸಿಕ್ಕರೆ ತುಸು ಬಲವೂ ಬಂದೀತು. ಅವರ ಕುಗ್ಗಿದ ಮನಸ್ಸಿಗೂ ನಿಮ್ಮ ನಿದ್ದೆಗೂ 14416ಕ್ಕೆ ಕರೆ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸೇವೆ, ಉಚಿತ, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ.

ಚಿಕಿತ್ಸೆ ಶುರುವಾಗಿ ತಿಂಗಳಾದ ಮೇಲೆ ಹಿಮೋಗ್ಲೋಬಿನ್ ಮತ್ತೆ ನೋಡುತ್ತಾರೆ. ಎಷ್ಟು ಬಂತೆಂದು ನನಗೊಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.