ಬ್ರಿಜ್ ಆಟದಲ್ಲಿ ಪ್ರಶ್ನೆಯ ನೀತಿ

ಕಾಂಟ್ರಾಕ್ಟ್ ಬ್ರಿಜ್ ಆಟದಲ್ಲಿ ಜೊತೆಗಾರರಿಬ್ಬರು ತಮ್ಮ ಎಲೆಗಳ ಬಲವನ್ನು ಪರಸ್ಪರ ತಿಳಿಸಲು ಉಳ್ಳ ಕರೆಗಳು 38 ಮಾತ್ರ: 35 ಬಿಡ್‌ಗಳು, ಪಾಸ್, ಡಬಲ್, ರೀಡಬಲ್. ಹೀಗಾಗಿ ಕೆಲವು ಕರೆಗಳಿಗೆ ಒಪ್ಪಂದದ ಅರ್ಥವುಂಟು. ‘ಒಂದು ನೋಟ್ರಂಪ್’ ಎಂದವನಿಗೆ ಜೊತೆಗಾರನು ‘ಎರಡು ಡೈಮಂಡ್’ ಎಂದರೆ, ಅನೇಕರಲ್ಲಿ ಅದು ಆಟಿನ್ ಎಲೆಗಳು ಐದಾದರೂ ಇವೆಯೆಂಬ ಸೂಚನೆ. ಇಂತಹ ಒಪ್ಪಂದವು ಗುಟ್ಟಾಗಿರಕೂಡದು. ಆದುದರಿಂದ ಕರೆದವನ ಜೊತೆಗಾರನು ಎದುರಾಳಿಗಳನ್ನು ಎಚ್ಚರಿಸಬೇಕು. ಕೇಳಿದರೆ ಅರ್ಥವನ್ನು ವಿವರಿಸಬೇಕು.

ಆದರೆ ಪ್ರಶ್ನೆಯೂ ಸುಳಿವು ನೀಡಬಲ್ಲುದು. ಡೈಮಂಡ್ ಬಲವಿದ್ದಾಗ ಮಾತ್ರ ನಾವು ಪ್ರಶ್ನಿಸಿದರೆ, ನಮ್ಮ ಜೊತೆಗಾರನು ಅದನ್ನು ಊಹಿಸಿಯಾನು. ನಮ್ಮ ಸರದಿಯಲ್ಲಿ ಕೇಳುವ ಹಕ್ಕು ನಮಗುಂಟು. ಆ ಸುಳಿವನ್ನು ಬಳಸುವ ಹಕ್ಕು ಅವನಿಗಿಲ್ಲ. ಆಡಲು ಬೇರೆ ಯುಕ್ತ ದಾರಿಯಿರುವಾಗ, ಪ್ರಶ್ನೆಯು ತೋರಿದ ದಾರಿಯನ್ನು ಅವನು ಬಿಡಲೇಬೇಕು, ಸೋಲು ಬಂದರೂ ಸರಿಯೆ.